ಹೆಬ್ಬೆಟ್ಟಿನ ಗಾಯ

"ಬೆಳ್ಳಿನ ಬಟ್ಟೆ ಬಿಚ್ಚವ್ವ, ಎಬ್ಬೆಟ್ಟು ಒತ್ಬೇಕು," ಎಂದು ಅಂಚೆಯ ಗೌರೀಶಂಕರಯ್ಯ ಶಾಯಿ ಡಬ್ಬಿ ತೆರೆದಾಗ ಕೆಂಪಾಜಿಯ ಮುಖ ಬಿಳಿಚಿಕೊಂಡಿತು.

ಯುದ್ಧಕ್ಕೆಂದು ಪಟಾಲಂ ಸೇರಿದ್ದ ಗಂಡ ತಿಂಗಳು ತಿಂಗಳೂ ಅವಳ ಹೆಸರಿಗೇ ಮನಿಯಾರ್ಡರು ಕಳಿಸುತ್ತಿದ್ದ. ಮನೆಗೆ ಜೋಡಿ ಎತ್ತು ಬಂದದ್ದು, ಬಿತ್ತನೆ ರಾಗಿಗೆ ಕಂಡವರ ಮುಂದೆ ಕೈಯೊಡ್ಡುವುದು ತಪ್ಪಿದ್ದು ಆ ದುಡ್ಡಿನಿಂದಲೇ. ಹಾಗಾಗಿ ಹೋದ ತಿಂಗಳು ಸೊಸೆ ಈಳಿಗೆಮಣೆಯಲ್ಲಿ ಹೆಬ್ಬೆಟ್ಟು ಕುಯ್ದುಕೊಂಡಾಗಿನಿಂದ ಅತ್ತೆ, ಗುರುತು ಅಳಿಸಿಹೋದೀತೆಂದು ಹೆದರಿ, ಅವಳನ್ನು ಒಂದು ಕೆಲಸವನ್ನೂ ಮುಟ್ಟಗೊಟ್ಟಿರಲಿಲ್ಲ.

ಬಟ್ಟೆ ಬಿಚ್ಚಿತು. ನಾಲ್ಕೇ ದಿನಕ್ಕೆ ಮಾಯ್ದಿದ್ದ ಗಾಯದ ಕುರುಹೂ ಅಲ್ಲಿರಲಿಲ್ಲ. ಒಳಗೆ ರಾಗಿ ಬೀಸುತ್ತಿದ್ದ ಅತ್ತೆ ಏದುಸಿರಿನಲ್ಲೇ ಕೂಗಿದಳು: "ಎಂಗೈತೆ ಅಯ್ನೋರೇ, ಗಾಯ?"

ತನ್ನ ಮಗಳನ್ನೂ ಕೊಣನೂರಿನ ಅತ್ತೆಮನೆಗೆ ಕೊಟ್ಟಿದ್ದ ಗೌರೀಶಂಕರಯ್ಯ ಗುರುತು ಒತ್ತಿಸಿಕೊಂಡು, ಹಣ ಕೊಟ್ಟು, ಬಟ್ಟೆಯನ್ನು ತಾನೇ ಮತ್ತೆ ಬಿಗಿಯಾಗಿ ಸುತ್ತಿದ.

"ಬೀಸೋ ಕಲ್ಲು ಮುಟ್ಟಂಗಿಲ್ಲ ಕಣವ್ವಾ," ಎಂದು ಒಳಗೆ ಕೇಳುವಂತೆ ಹೇಳಿದ, "ಮುಂದಿನ ಮನಿಯಾರ್ಡರ್ ಬರೋಗಂಟ!"