ಸರಾಸರಿಗಿಂತ ಕೆಳಗೆ

ಅಧಿಕಾರಿ ನಾಲ್ಕನೆಯ ಟೆಂಡರನ್ನು ಪಕ್ಕಕ್ಕೆ ಸರಿಸಿದ್ದೇ ತಡ, ತಮ್ಮ ಎದ್ದು ನಿಂತ.

"ಸಾರ್, ಎಲ್ಲರಿಗಿಂತ ಕಡಿಮೆ ನಂದೇ ಅಲ್ವಾ?"

ಕಡಿಮೆಯಾದದ್ದೇ ತಪ್ಪಾಗಿತ್ತು. ಮುಂಚೆ ಕಡಿಮೆ ದರದವನಿಗೇ ಕೆಲಸ ಸಿಗುತ್ತಿತ್ತು, ಅವನು ಕಟ್ಟಿದ ಗೋಡೆ ವರ್ಷದೊಳಗೆ ಮಲಗುತ್ತಿತ್ತು. ಅದಕ್ಕೇ ಹೊಸ ನಿಯಮ: ಬಂದ ಟೆಂಡರುಗಳ ಸರಾಸರಿಗಿಂತ ತೀರಾ ಕೆಳಗಿರುವುದನ್ನು ತಳ್ಳಿಹಾಕಬೇಕು. ಉಳಿದ ಮೂರೂ ಮಾತಾಡಿಕೊಂಡಂತೆ ಎತ್ತರದಲ್ಲಿ ಕೂತಿದ್ದವು. ಶಾಲೆಯ ಎರಡು ಕೋಣೆಗೆ ತಮ್ಮ ಇಟ್ಟಿಗೆ ಎಣಿಸಿ ಬರೆದ ನ್ಯಾಯದ ದರ ಅವುಗಳ ಮುಂದೆ ಮೋಸದಂತೆ ಕಂಡಿತು.

ಅಕ್ಕ ಗೋಡೆಗೊರಗಿ ನಿಂತಿದ್ದಳು. ಇಪ್ಪತ್ತು ವರ್ಷದಿಂದ ಈ ಕಚೇರಿಯ ಗೇಟಿನ ಪಕ್ಕ ಮೇಜು ಹಾಕಿಕೊಂಡು ಊರಿನವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟವಳು ಅವಳು. ಒಡಹುಟ್ಟಿದವನು ಟೆಂಡರು ಹಾಕಿದ್ದು ಮಾತ್ರ ಅವಳಿಗೆ ತಿಳಿದದ್ದು ಈ ಬೆಳಿಗ್ಗೆ. ಗೆದ್ದ ಮೇಲೆ ಹೇಳೋಣ ಅಂತಿದ್ದನಂತೆ. ಇದೂ ಕೈತಪ್ಪಿದರೆ ತನ್ನ ಆರು ಜನ ಗಾರೆಯವರನ್ನು ಮನೆಗೆ ಕಳಿಸಿ, ದೊಡ್ಡ ಗುತ್ತಿಗೆದಾರನ ಹತ್ತಿರ ಕೂಲಿಗೆ ನಿಲ್ಲುವುದೊಂದೇ ಅವನಿಗಿದ್ದ ದಾರಿ.

ಆ ದೊಡ್ಡ ಗುತ್ತಿಗೆದಾರ ಬಾಗಿಲಲ್ಲಿ ನಿಂತು, ಏನೂ ಅರಿಯದ ಹಸುಗೂಸಿನಂತೆ ಮೊಬೈಲು ನೋಡುತ್ತಿದ್ದ.

"ಮೂರೂ ಇವರದ್ದೇ ಸಾರ್," ಅಂದ ತಮ್ಮ. "ಒಂದು ಇವರ ಹೆಸರಲ್ಲಿ, ಒಂದು ಭಾವಮೈದುನಂದು, ಇನ್ನೊಂದು ಡ್ರೈವರಂದು."

ಅಧಿಕಾರಿ ಕೆಟ್ಟವನಲ್ಲ. ಟೆಂಡರನ್ನು ಅವರವರೇ ಸ್ವಂತ ಕೈಯಲ್ಲಿ ತುಂಬಬೇಕೆಂಬುದೂ ಹೊಸ ನಿಯಮವೇ, ಒಬ್ಬರೇ ಬರೆದದ್ದೆಂದು ತಿಳಿದರೆ ಮೂರೂ ರದ್ದು, ಬರೆದವರಿಗೆ ಪೊಲೀಸ್ ಠಾಣೆ ಎಂದು ಸಮಾಧಾನವಾಗಿಯೇ ಹೇಳಿದ. ಹಾಳೆಗಳನ್ನು ಮೇಜಿನ ಮೇಲೆ ಹರಡಿದ. ಒಂದು ಗುಂಡು ಅಕ್ಷರ, ಒಂದು ಬಲಕ್ಕೆ ವಾಲಿದ್ದು, ಇನ್ನೊಂದು ಕಾಗೆಕಾಲು ಗುಬ್ಬಿಕಾಲು.

ತಮ್ಮನ ಮುಖಕ್ಕೆ ಕಳೆ ಬಂತು. "ನಮ್ಮಕ್ಕನ್ನ ಕೇಳಿ ಸಾರ್. ಅಕ್ಷರ ನೋಡಿದ್ರೆ ಯಾರು ಬರೆದಿದ್ದು ಅಂತ ಹೇಳ್ತಾಳೆ."

ಅಧಿಕಾರಿಗೂ ಅವಳು ಗೊತ್ತಿದ್ದವಳೇ. "ನೋಡಿಮ್ಮಾ, ನೀವು ಹೇಳಿದ್ದನ್ನೇ ಬರ್ಕೋತೀನಿ," ಅಂದ.

ಅವಳು ಹಾಳೆಗಳ ಮೇಲೆ ಬಗ್ಗಿದಳು. ಬಾಗಿಲ ಕಡೆಯಿಂದ ಒಂದು ಸಣ್ಣ ಕೆಮ್ಮು ಕೇಳಿತು. ಅತ್ತ ದರಿ, ಇತ್ತ ಪುಲಿ. ತಮ್ಮನ ಕಡೆ ತಿರುಗುವ ಧೈರ್ಯ ಅವಳಿಗಾಗಲಿಲ್ಲ.

"ಮೂರು ಜನ ಬರೆದಿರೋದು," ಅಂದಳು.

ತಮ್ಮ ಕುಳಿತ. ಅಕ್ಕ ಹೇಳಿದ ಮೇಲೆ ಮುಗಿಯಿತು, ಅವಳ ಮಾತನ್ನು ಅವನು ಹುಟ್ಟಿದಾಗಿನಿಂದ ಒಮ್ಮೆಯೂ ಅನುಮಾನಿಸಿದವನಲ್ಲ.

ಹೋದ ವಾರ ಮೂರನ್ನೂ ಬರೆದುಕೊಟ್ಟವಳು ಅವಳೇ. ಕೊನೆಯದನ್ನು ಎಡಗೈಯಲ್ಲಿ ಬರೆಯುವಾಗ, ಇದು ಯಾರ ಹೊಟ್ಟೆಯ ಮೇಲೆ ಹೊಡೆಯುವುದಕ್ಕೆ ಎಂದು ಅವಳು ಕೇಳಿರಲಿಲ್ಲ.