ಕಾವಿನ ಪೆಟ್ಟಿಗೆ

ಓಡುವ ಕಾರಿನ ಪುಟ್ಟ ಇನ್ವರ್ಟರ್‌ಗೆ ತಂಗಿ ಹೇರ್ ಡ್ರೈಯರ್ ಚುಚ್ಚಿದ್ದೇ ತಡ, ಪಕ್ಕದಲ್ಲಿದ್ದ ಕಾವಿನ ಪೆಟ್ಟಿಗೆಯ ದೀಪ ಆರಿಹೋಯಿತು. ಅಕ್ಕ ಗಕ್ಕನೆ ಕಾರು ನಿಲ್ಲಿಸಿದಳು. ಮನೆ ಬದಲಾಯಿಸುವ ಗಡಿಬಿಡಿಯಲ್ಲೂ ಅವಳು ಆ ಪೆಟ್ಟಿಗೆಯಲ್ಲಿ ಬಾತುಕೋಳಿಯ ಮೊಟ್ಟೆಗಳನ್ನು ಕಾರಿನ ಕರೆಂಟಿನಲ್ಲೇ ಬೆಚ್ಚಗಿಟ್ಟು ತರುತ್ತಿದ್ದಳು.

“ಅಷ್ಟೊಂದು ಲೋಡ್ ಇದು ತಡೆಯಲ್ಲ ಕಣೇ! ಫ್ಯೂಸ್ ಹೋಯ್ತು.”

“ತಂತಿ ಸುತ್ತಿಬಿಡಕ್ಕಾ, ಮರಿಗಳು ಸತ್ತೋಗುತ್ವೆ.”

“ತಂತಿ ಸುತ್ತಿದ್ರೆ ಕಾರೇ ಹೊತ್ಕೊಳ್ಳುತ್ತೆ. ಅದೇ ಅಳತೆಯ ಫ್ಯೂಸ್ ಇದೆ, ಹಾಕ್ತೀನಿ. ನೀನು ಪೆಟ್ಟಿಗೆ ತಬ್ಕೊಂಡಿರು.”

ಅಕ್ಕ ಎಂಜಿನ್ ಆರಿಸಿ, ಸುಟ್ಟ ಫ್ಯೂಸ್ ಕೀಳಲು ಬಗ್ಗಿದಳು. ತಂಗಿ ಅಳುಮೋರೆ ಹಾಕಿಕೊಂಡು ಪೆಟ್ಟಿಗೆಗೆ ಶಾಲು ಹೊದಿಸಿ ಎದೆಗವಚಿಕೊಂಡಳು. ಎಲ್ಲ ಸದ್ದೂ ಅಡಗಿತು. ಅವಳು ಮೆಲ್ಲನೆ ಪೆಟ್ಟಿಗೆಗೆ ಕಿವಿ ಹಚ್ಚಿದಳು.

“ಅಕ್ಕಾ,” ಎಂದು ಪಿಸುಗುಟ್ಟಿದಳು, “ಒಳಗಿಂದ ಯಾರೋ ಕುಟ್ತಿದಾರೆ.”