ಓಲ್ಗಾ ಕೇಳಿದ ಪುಸ್ತಕ

ಗ್ರಂಥಾಲಯ ಮಂಡಳಿಯ ಅಧ್ಯಕ್ಷ ಗಾರ್ಥ್‌ನ ಕೈ ನೇರವಾಗಿ ಆ ಪುಸ್ತಕದ ಮೇಲೆಯೇ ಬಿತ್ತು. ಕೆನಡಾ ದಿನಕ್ಕೆಂದು ಗ್ರಂಥಪಾಲಕಿ ಮಿರ್ನಾ ಜೋಡಿಸಿದ್ದ ‘ನಮ್ಮ ನಾಡು, ನಮ್ಮ ಲೇಖಕರು’ ಮೇಜಿನಲ್ಲಿ ಗೋಧಿ ಸೀಮೆಯ ಕಾದಂಬರಿಗಳಿದ್ದವು, ಹಾಕಿಯ ಚರಿತ್ರೆಯಿತ್ತು. ಇದು ಮಾತ್ರ, ಚಿಕ್ಕಂದಿನಲ್ಲೇ ಸರ್ಕಾರದವರು ಮನೆಯಿಂದ ಎಳೆದು ತಂದು ಇದೇ ಊರಿನ ವಸತಿಶಾಲೆಗೆ ಹಾಕಿದ್ದ, ಕ್ರೀ ಎಂಬ ಮೂಲನಿವಾಸಿ ಜನಾಂಗದ ಹೆಂಗಸೊಬ್ಬಳ ಆತ್ಮಕಥೆ.

“ಹಬ್ಬದ ದಿನ ಇದೆಲ್ಲಾ ಯಾಕ್ರೀ ಮಿರ್ನಾ? ಗ್ರಂಥಾಲಯದಿಂದಲೇ ತೆಗೆದುಹಾಕಿ. ಪುಸ್ತಕ ಹೋಗ್ಬೇಕೋ, ನೀವು ಹೋಗ್ಬೇಕೋ, ನೀವೇ ಹೇಳಿ.”

“ಬರೆದವಳೂ ಇದೇ ನಾಡಿನವಳಲ್ವಾ ಸಾರ್?” ಎಂದಳು ಮಿರ್ನಾ.

ಅಷ್ಟರಲ್ಲಿ ಗಾರ್ಥ್‌ನ ಮುದಿ ತಾಯಿ ಓಲ್ಗಾ, ಊರಿಕೊಂಡು ನಡೆಯುವ ವಾಕರನ್ನು ತಳ್ಳಿಕೊಂಡು ಬಂದು, ತನ್ನ ಗ್ರಂಥಾಲಯದ ಕಾರ್ಡನ್ನು ಮಗನ ಬೆರಳುಗಳ ಪಕ್ಕದಲ್ಲಿಟ್ಟಳು. “ಇದನ್ನ ನನ್ನ ಹೆಸರಿಗೆ ಕೊಡಮ್ಮ. ಓದೋಕೆ ತಗೊಂಡು ಹೋದ ಪುಸ್ತಕನ ತೆಗೆಯೋ ಹಾಗಿಲ್ಲ ಅಂತ ರೂಲ್ಸ್ ಮಾಡಿದ್ದು ಇವನೇ.”

ಗಾರ್ಥ್‌ನ ದನಿ ಕುಗ್ಗಿತು. “ಬೇಡಮ್ಮ. ಇದ್ರಲ್ಲಿ ನಿನ್ನ ಹೆಸರಿದೆ.”

“ಇರ್ದೇ ಇರುತ್ತೇನೋ ಪೆದ್ದ? ಆ ಶಾಲೆ ಅಡುಗೆಮನೇಲಿ ಕೆಲಸಕ್ಕಿದ್ದು, ಆ ಮಕ್ಕಳಿಗೆ ಹುಳ ಬಿದ್ದ ಗಂಜಿ ಬಡಿಸಿದ್ದು ನಾನೇ ತಾನೆ? ಅವಳು ಹೇಳೋದನ್ನ ಈಗ್ಲಾದ್ರೂ ಕೇಳಿಸ್ಕೋತೀನಿ. ಕೈ ತೆಗಿ.”

ಗಾರ್ಥ್ ಕೈ ತೆಗೆದ.